ಗೋಲಿನ ಮುಂದಿನ ಒಂದೇ ಜಾಗ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಹುಲ್ಲಿನ ಮೈದಾನ ಮತ್ತು ಧ್ಯಾನ್‌ಚಂದ್. ಕೆನಡಾದವರಿಗೆ ಹಾಗಲ್ಲ, ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಸ್ಕೇಟ್ಸ್ ತೊಟ್ಟ ಆರಾರು ಆಟಗಾರರು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆಗಾಗಿ ಸೆಣಸುತ್ತಾರೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲಿನ ಮುಂದೆ ನಿಂತವನಿಗೆ ಮಾತ್ರ ಬಂದ ಹೊಡೆತಕ್ಕೆ ಮೈಯೊಡ್ಡುವುದೇ ಕೆಲಸ.

ಆ ಕೆಲಸ ಸಿಗುವುದೂ ಸುಲಭವಿರಲಿಲ್ಲ. 1942ರಿಂದ 1967ರವರೆಗೆ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ. ಬಹುಕಾಲ ತಂಡಕ್ಕೊಬ್ಬನೇ ಗೋಲ್‌ಕೀಪರ್. ಅಂದರೆ ಇಡೀ ಉತ್ತರ ಅಮೆರಿಕದಲ್ಲಿ ಮೇಲಿನ ದರ್ಜೆಯ ಗೋಲ್‌ಕೀಪರ್ ಕೆಲಸಗಳು ಆರು! ಉಳಿದವರೆಲ್ಲ ಕೆಳ ದರ್ಜೆಯ ಲೀಗ್‌ಗಳಲ್ಲಿ ಊರೂರು ಅಲೆಯಬೇಕಿತ್ತು. ಹಾಗೆ ಅಲೆದವರಲ್ಲಿ ಒಬ್ಬರು ಎಮಿಲ್ ಫ್ರಾನ್ಸಿಸ್.

1926ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಹುಟ್ಟಿದ ಫ್ರಾನ್ಸಿಸ್ ಕುಳ್ಳ ಆಳು. ಆದರೆ ಚುರುಕುತನಕ್ಕೆ ‘ಬೆಕ್ಕು’ ಎಂದೇ ಹೆಸರಾದರು. 1946ರಲ್ಲಿ ಷಿಕಾಗೊ ತಂಡ ಸೇರಿ, ಎರಡು ವರ್ಷದಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಬಂದರು. ಅಲ್ಲಿ ಚಕ್ ರೇನರ್ ಭದ್ರವಾಗಿ ನೆಲೆಯೂರಿದ್ದರು. ಹೀಗಾಗಿ ದೊಡ್ಡ ಲೀಗ್‌ನಲ್ಲಿ ಫ್ರಾನ್ಸಿಸ್ ಆಡಿದ್ದು ಒಟ್ಟು 95 ಪಂದ್ಯ. ಮಿಕ್ಕ ಬದುಕು ನ್ಯೂ ಹೇವನ್, ಸಿನ್ಸಿನಾಟಿ, ವ್ಯಾಂಕೂವರ್, ಸಸ್ಕಟೂನ್‌ಗಳಲ್ಲಿ ಕಳೆಯಿತು. ಮುಖಕ್ಕೆ ಮುಖವಾಡವೂ ಇರಲಿಲ್ಲ. ಅದು ರೂಢಿಗೆ ಬಂದದ್ದು 1959ರಲ್ಲಿ ಜಾಕ್ ಪ್ಲಾಂಟ್ ತೊಟ್ಟ ಮೇಲೆ.

ಆದರೂ ಆಟಕ್ಕೆ ಅವರೊಂದು ಕಾಣಿಕೆ ಕೊಟ್ಟರು. ಆಗಿನ ಗೋಲ್‌ಕೀಪರ್‌ಗಳ ಕೈಗವಸು ಪಕ್ ಹಿಡಿಯಲು ಅಷ್ಟೇನೂ ಅನುಕೂಲವಾಗಿರಲಿಲ್ಲ. ಬೇಸಿಗೆಯಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಫ್ರಾನ್ಸಿಸ್, ಆ ಆಟದ ಅಗಲ ಬಲೆಯ ಕೈಗವಸಿಗೆ ಮಣಿಕಟ್ಟಿನ ರಕ್ಷೆ ಹೊಲಿಸಿ ತೊಟ್ಟು ಬಂದರು. ಎದುರಾಳಿಗಳು ಆಕ್ಷೇಪ ಎತ್ತಿದರು. ದೂರು ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವರವರೆಗೆ ಹೋಯಿತು. ಅವರು ಒಪ್ಪಿಗೆ ಕೊಟ್ಟರು. ಇತರರೂ ಅದನ್ನೇ ಅನುಸರಿಸಿದರು.

1960ರಲ್ಲಿ ಆಟ ಬಿಟ್ಟ ಫ್ರಾನ್ಸಿಸ್ ಗ್ವೆಲ್ಫ್ ಪಟ್ಟಣದ ಕಿರಿಯರ ತಂಡಕ್ಕೆ ತರಬೇತುದಾರರಾದರು. ಅಲ್ಲಿ ಅವರ ಕೈಕೆಳಗೆ ಆಡಿದ ರಾಡ್ ಗಿಲ್ಬರ್ಟ್, ಜಾನ್ ರಾಟೆಲ್ ಮುಂದೆ ರೇಂಜರ್ಸ್‌ನ ತಾರೆಗಳಾದರು. 1964ರಲ್ಲಿ ರೇಂಜರ್ಸ್‌ನ ವ್ಯವಸ್ಥಾಪಕರಾಗಿ, ಮರುವರ್ಷ ತರಬೇತಿಯನ್ನೂ ವಹಿಸಿಕೊಂಡರು. 1965ರಲ್ಲಿ ನಾಲ್ವರು ಆಟಗಾರರನ್ನು ಕೊಟ್ಟು ಎಡ್ಡಿ ಜಿಯಾಕೊಮಿನ್ ಎಂಬ ಗೋಲ್‌ಕೀಪರ್‌ನನ್ನು ತಂದರು. ಆತನೂ ಕೆಳ ಲೀಗ್‌ಗಳಲ್ಲೇ ಸವೆಯುತ್ತಿದ್ದವನು. ಮೊದಲ ವರ್ಷ ಪ್ರೇಕ್ಷಕರು ಮೂದಲಿಸಿದರೂ ಫ್ರಾನ್ಸಿಸ್ ಕೈಬಿಡಲಿಲ್ಲ. ಎರಡನೇ ವರ್ಷ ಎಡ್ಡಿ 30 ಪಂದ್ಯ ಗೆಲ್ಲಿಸಿಕೊಟ್ಟ. ಆ ವರ್ಷದಿಂದ ಸತತ ಒಂಬತ್ತು ಸಲ ತಂಡ ಅಂತಿಮ ಘಟ್ಟದ ಸುತ್ತುಗಳಿಗೆ ಅರ್ಹತೆ ಪಡೆಯಿತು. ಒಂದೇ ಜಾಗಕ್ಕಾಗಿ ಬಾಳೆಲ್ಲ ಕಾದಿದ್ದ ಫ್ರಾನ್ಸಿಸ್, ಅದನ್ನು ಇಬ್ಬರಿಗೆ ಹಂಚಿಯೂ ತೋರಿಸಿದರು: ಎಡ್ಡಿ ಮತ್ತು ಗಿಲ್ಸ್ ವಿಲೆಮ್ಯೂರ್ 1971ರ ವೆಜಿನಾ ಪ್ರಶಸ್ತಿಯನ್ನು ಜೊತೆಯಾಗಿ ಪಡೆದರು. 1972ರಲ್ಲಿ ರೇಂಜರ್ಸ್ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿ ಬಾಸ್ಟನ್‌ಗೆ ಸೋತಿತು.

ಮುಂದಿನದು ನೋವಿನ ಅಧ್ಯಾಯ. 1975ರ ಅಕ್ಟೋಬರ್ ಕೊನೆಯಲ್ಲಿ, ತಂಡ ಕುಸಿಯುತ್ತಿದ್ದಾಗ, 36ರ ಎಡ್ಡಿಯನ್ನು ಫ್ರಾನ್ಸಿಸ್ ಅವರೇ ಬಿಟ್ಟುಕೊಟ್ಟರು. ಡೆಟ್ರಾಯಿಟ್ ಆತನನ್ನು ಕರೆದುಕೊಂಡಿತು. ನವೆಂಬರ್ 2ರಂದು ಅದೇ ತಂಡದ ಅಂಗಿ ತೊಟ್ಟು ಎಡ್ಡಿ ನ್ಯೂಯಾರ್ಕಿಗೆ ಬಂದಾಗ, ಜನ ಸ್ವಂತ ತಂಡವನ್ನು ಹಳಿದು ‘ಎಡ್ಡಿ, ಎಡ್ಡಿ’ ಎಂದು ಕೂಗಿದರು. ಆತ ಕಣ್ಣೀರಿಟ್ಟ. ಡೆಟ್ರಾಯಿಟ್ 6–4ರಿಂದ ಗೆದ್ದಿತು. ಎರಡೇ ತಿಂಗಳಲ್ಲಿ ಫ್ರಾನ್ಸಿಸ್ ಅವರ ಕೆಲಸವೂ ಹೋಯಿತು. ಜಾಗ ಸಿಗದವನ ಸಂಕಟ ಬಲ್ಲ ಮನುಷ್ಯನಿಗೂ ಮತ್ತೊಬ್ಬನ ಜಾಗ ಕಿತ್ತುಕೊಳ್ಳುವುದು ತಪ್ಪಲಿಲ್ಲ.

1982ರಲ್ಲಿ ಅವರಿಗೆ ಹಾಕಿಯ ‘ಹಾಲ್ ಆಫ್ ಫೇಮ್’ ಗೌರವ ದೊರೆಯಿತು. ಆಟಗಾರನೆಂದಲ್ಲ, ಆಟವನ್ನು ಕಟ್ಟಿದವನೆಂದು. 2022ರಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂದು ಎದುರಾಳಿಗಳು ಆಕ್ಷೇಪಿಸಿದ ಕೈಗವಸಿನ ಮಾದರಿ ಮಾತ್ರ ಇಂದು ಪ್ರತಿ ಗೋಲ್‌ಕೀಪರ್‌ನ ಕೈಯಲ್ಲಿದೆ.