ಊರಿನ ಸಗಣಿ, ಸೌದೆಗಳಿಂದ ಶಕ್ತಿ: ಕುಣಿಗಲ್ ಸೀಮೆಯ ಸಂಶೋಧನೆಗಳಿಂದ ತಿಳಿದುಬಂದ ಸಂಗತಿಗಳು

ಈ ನಾಡಿನ ಗ್ರಾಮಗಳಲ್ಲಿ ಸಗಣಿಯೂ ಕಡ್ಡಿಪುಳ್ಳೆಗಳೂ ಹಿಂದಿನಿಂದ ಒಲೆಗೂ ಹೊಲಕ್ಕೂ ಹಂಚಿಹೋಗುತ್ತ ಬಂದಿರುವ ಪದಾರ್ಥಗಳು. ಇವುಗಳಿಂದ ಅನಿಲವನ್ನೂ ವಿದ್ಯುಚ್ಛಕ್ತಿಯನ್ನೂ ಪಡೆಯಬಹುದೆಂಬುದನ್ನು ಈಗ ಅರಿಯದ ಮುಖಂಡರು ವಿರಳ. ಆದರೆ ಊರೊಂದರಲ್ಲಿ ಯಂತ್ರವನ್ನು ಸ್ಥಾಪಿಸುವುದಕ್ಕೆ ಮೊದಲು, ಅದಕ್ಕೆ ಬೇಕಾದ ಪದಾರ್ಥವು ಅಲ್ಲಿ ಎಷ್ಟುಂಟು, ಈಗ ಅದು ಯಾರ ಉಪಯೋಗದಲ್ಲಿದೆ ಎಂಬೆರಡು ವಿಷಯಗಳನ್ನು ವಿಚಾರಿಸತಕ್ಕದ್ದು. ಈ ವಿಚಾರಣೆಯನ್ನು ಕ್ರಮವಾಗಿ ನಡೆಸಿದ ನಿದರ್ಶನವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿಯೇ ಉಂಟು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯ ಸಹಕಾರದಿಂದ ಇವರು ಉಂಗ್ರ ಗ್ರಾಮದಲ್ಲಿ ಕೇಂದ್ರವನ್ನು ಮಾಡಿಕೊಂಡು, ಸುತ್ತಣ ಆರು ಊರುಗಳಲ್ಲಿ ಮನೆಮನೆಗೂ ಹೋಗಿ ಉರುವಲಿನ ಲೆಕ್ಕವನ್ನು ತೆಗೆದರು. ಅಲ್ಲಿನ ಒಲೆಗಳಲ್ಲಿ ಉರಿಯುತ್ತಿದ್ದುದು ಮುಖ್ಯವಾಗಿ ಸೌದೆ; ಅದೂ ಕಡಿದ ಮರದ ತುಂಡುಗಳಿಗಿಂತ ಹೆಚ್ಚಾಗಿ ಆಯ್ದು ತಂದ ಪುಳ್ಳೆ. ಅದನ್ನು ಕ್ರಯಕ್ಕೆ ಕೊಳ್ಳುವವರು ಕಡಿಮೆ. ಹೆಂಗಸರೂ ಮಕ್ಕಳೂ ದಿನದಲ್ಲಿ ಅನೇಕ ಗಳಿಗೆಗಳನ್ನು ಈ ಕೆಲಸದಲ್ಲಿಯೇ ಕಳೆಯುತ್ತಿದ್ದರು. ಸಗಣಿಯನ್ನು ಬೆರಣಿ ತಟ್ಟಿ ಸುಡುವ ವಾಡಿಕೆ ಆ ಸೀಮೆಯಲ್ಲಿರಲಿಲ್ಲ. ಅದೆಲ್ಲವೂ ತಿಪ್ಪೆಗೆ ಸೇರುತ್ತಿತ್ತು.

ತರುವಾಯ ಪುರ ಎಂಬ ಗ್ರಾಮದಲ್ಲಿ ಊರೊಟ್ಟಿನ ಗೋಬರ್ ಅನಿಲ ಸ್ಥಾವರವನ್ನು ಕಟ್ಟಲಾಯಿತು. ಮೊದಲಿನ ಉದ್ದೇಶವು ಎಲ್ಲ ಮನೆಗಳಿಗೂ ಅಡಿಗೆಯ ಅನಿಲವನ್ನು ಒದಗಿಸುವುದಾಗಿತ್ತು. ಊರಿನ ಸಗಣಿಯು ಅದಕ್ಕೆ ಸಾಲದಾಯಿತು. ಆಗ ಕಾರ್ಯಕರ್ತರು ಹಟವನ್ನು ಹಿಡಿಯದೆ ಉದ್ದೇಶವನ್ನೇ ಬದಲಾಯಿಸಿ, ಅನಿಲದಿಂದ ಎಂಜಿನನ್ನು ನಡೆಸಿ, 1987ರಿಂದ ಕುಡಿಯುವ ನೀರನ್ನೂ ದೀಪವನ್ನೂ ಮನೆಗಳಿಗೆ ಒದಗಿಸಿದರು. ವಿವೇಕವುಳ್ಳ ತೀರ್ಮಾನವೆಂದೇ ಇದನ್ನು ಎಣಿಸಬೇಕು.

ಇದರ ಗಣಿತವನ್ನು ಯಾವ ಮುಖಂಡನಾದರೂ ತನ್ನ ಚಾವಡಿಯಲ್ಲಿಯೇ ಮಾಡಿ ನೋಡಬಹುದು. 400 ಜನರೂ 200 ದನಗಳೂ ಇರುವ ಒಂದು ಊರನ್ನು ಭಾವಿಸೋಣ. ಹಗಲು ಮೇಯಲು ಹೋಗುವ ನಾಟಿ ದನವು ರಾತ್ರಿ ಕೊಟ್ಟಿಗೆಯಲ್ಲಿ ಹಾಕುವ ಸಗಣಿಯನ್ನು 5 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಒಟ್ಟು 1000 ಕಿಲೋಗ್ರಾಂ ಆಗುತ್ತದೆ. 25 ಕಿಲೋಗ್ರಾಂ ಸಗಣಿಗೆ ಸುಮಾರು ಒಂದು ಘನ ಮೀಟರು ಅನಿಲ ಬರುವುದರಿಂದ ಊರಿಗೆ ದಿನಕ್ಕೆ 40 ಘನ ಮೀಟರು ದೊರೆಯುವುದು. ಅಡಿಗೆಗೆ ತಲೆಗೆ ಕಾಲು ಘನ ಮೀಟರಾದರೂ ಬೇಕು. ಅಂದರೆ ಒಟ್ಟು 100. ಎಲ್ಲ ಸಗಣಿಯನ್ನೂ ಒಪ್ಪಿಸಿದರೂ ಅರ್ಧ ಊರಿಗೆ ಸಾಲದು. ಅದೇ 5 ಅಶ್ವಶಕ್ತಿಯ ಎಂಜಿನಿಗೆ, ಅಶ್ವಶಕ್ತಿಯೊಂದಕ್ಕೆ ಗಂಟೆಗೆ ಅರ್ಧ ಘನ ಮೀಟರಿನಂತೆ, ಆರು ಗಂಟೆಗಳ ಕೆಲಸಕ್ಕೆ 15 ಘನ ಮೀಟರು ಸಾಕು. ಸಗಣಿಯನ್ನು ಕಣ್ಣಂದಾಜಿನಿಂದ ಎಣಿಸದೆ ಕೆಲವು ದಿನ ತೂಗಿ ನೋಡುವುದೇ ಲೇಸು. ಅದನ್ನೂ ಬೇಸಗೆಯಲ್ಲಿ, ಮೇವು ಕಡಿಮೆಯಾಗಿರುವಾಗ ಮಾಡತಕ್ಕದ್ದು. ಸುಗ್ಗಿಯ ಲೆಕ್ಕವನ್ನು ನಂಬಿ ಕಟ್ಟಿದ ಸ್ಥಾವರವು ಚೈತ್ರ ವೈಶಾಖಗಳಲ್ಲಿ ಹಸಿದು ನಿಲ್ಲುತ್ತದೆ.

ಪುರದಲ್ಲಿ ಸಗಣಿಯನ್ನು ಪುಕ್ಕಟೆಯಾಗಿ ಕೇಳಲಿಲ್ಲ. ತಂದ ಸಗಣಿಯನ್ನು ತೂಗಿ, ಕಿಲೋಗ್ರಾಮಿಗೆ 2 ಪೈಸೆಯಂತೆ ಹೊತ್ತು ತಂದ ಕೂಲಿಯನ್ನು ಕೊಟ್ಟು, ಅನಿಲ ಬಂದ ಮೇಲೆ ಉಳಿದ ಬಗ್ಗಡವನ್ನು ಸಗಣಿ ತಂದವರ ಪಾಲಿಗೆ ತಕ್ಕಂತೆ ಹಿಂದಿರುಗಿಸುವ ಏರ್ಪಾಡಿತ್ತು. ‘ಅನಿಲಕ್ಕೆ ಹೋದ ಸಗಣಿಯಲ್ಲಿ ಸಾರವೇನು ಉಳಿದೀತು’ ಎಂಬ ಸಂದೇಹವನ್ನು ರೈತರು ಆಗಾಗ ಎತ್ತುವುದುಂಟು. ಅನಿಲವಾಗಿ ಹೋಗುವುದು ಮುಖ್ಯವಾಗಿ ಇಂಗಾಲದ ಅಂಶ. ಸಾರಜನಕವು ಬಗ್ಗಡದಲ್ಲಿಯೇ ನಿಲ್ಲುತ್ತದೆ. ಬೆರಣಿಯಾಗಿ ಸುಟ್ಟರೆ ಮಾತ್ರ ಸಾರಜನಕವು ಹೊಗೆಯೊಡನೆ ನಷ್ಟವಾಗುವುದು. ಆದರೆ ಬಗ್ಗಡದ ಸಾರಜನಕದಲ್ಲಿ ಒಂದು ಭಾಗವು ಅಮೋನಿಯಾ ರೂಪದಲ್ಲಿರುವುದರಿಂದ, ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಅದು ಹಾರಿಹೋಗುತ್ತದೆ. ಆದಕಾರಣ ಬಗ್ಗಡವನ್ನು ನೆರಳಿನ ಗುಂಡಿಯಲ್ಲಿ ತರಗೆಲೆ, ಕಸಕಡ್ಡಿಗಳ ಪದರಗಳ ಮೇಲೆ ಹಾಕಿ ಮಾಗಿಸತಕ್ಕದ್ದು. ನೀರಿನ ಕಾಲುವೆ ಹತ್ತಿರವಿದ್ದರೆ ಹಸಿಯಾಗಿಯೇ ಹೊಲಕ್ಕೆ ಬಿಡಬಹುದು.

ಸೌದೆಯಿಂದ ಶಕ್ತಿಯನ್ನು ಪಡೆಯುವ ಪ್ರಯೋಗವು ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಮೊದಲಾಯಿತು. ಸೌದೆಯನ್ನು ಮಿತವಾದ ಗಾಳಿಯಲ್ಲಿ ಬೇಯಿಸಿ ಅನಿಲವನ್ನಾಗಿ ಮಾಡುವ ಯಂತ್ರಕ್ಕೆ ಡೀಸೆಲ್ ಎಂಜಿನನ್ನು ಜೋಡಿಸಿ, ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗಳನ್ನು ನಡೆಸಿದರು. ಗಮನಿಸಬೇಕಾದುದೇನೆಂದರೆ, ಇದಕ್ಕಾಗಿ ಊರವರ ಪುಳ್ಳೆಗೆ ಕೈಹಾಕದೆ ಊರೊಟ್ಟಿನ ನೆಲದಲ್ಲಿ ಮರಗಳನ್ನು ಬೇರೆಯಾಗಿ ಬೆಳೆಸಿದರು. ಇಂಥ ಯಂತ್ರಕ್ಕೆ ಯೂನಿಟ್ಟೊಂದಕ್ಕೆ ಒಂದರಿಂದ ಒಂದೂವರೆ ಕಿಲೋಗ್ರಾಂ ಚೆನ್ನಾಗಿ ಒಣಗಿದ ಸೌದೆ ಬೇಕು. ಹಸಿ ಸೌದೆಯನ್ನು ತುಂಬಿದರೆ ಎಂಜಿನಿಗೆ ಜಿಡ್ಡು ಕಟ್ಟುತ್ತದೆ. 2001ರಲ್ಲಿ ರಾಜ್ಯ ಸರ್ಕಾರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ತುಮಕೂರು ಜಿಲ್ಲೆಯ ಇನ್ನೂ ಅನೇಕ ಊರುಗಳಿಗೆ ಈ ಕ್ರಮವನ್ನು ವಿಸ್ತರಿಸಲು ಒಂದು ಯೋಜನೆಯನ್ನು ಕೈಗೊಂಡಿತು.

ಭೂಮಾಲಿಕರು ವಿಶೇಷವಾಗಿ ಆಲೋಚಿಸತಕ್ಕ ಸಂಗತಿ ಇನ್ನೊಂದುಂಟು. ಈವರೆಗೆ ಬೆಲೆಯಿಲ್ಲದಿದ್ದ ಪದಾರ್ಥಕ್ಕೆ ಯಂತ್ರವು ಬೆಲೆಯನ್ನು ತರುತ್ತದೆ. ಬೇಲಿಯ ಸಾಲಿನ ಪುಳ್ಳೆ, ಗೋಮಾಳದ ಸಗಣಿ, ತೆಂಗಿನ ಸೋಗೆ, ತೊಗರಿ ಕಟ್ಟಿಗೆ ಇವನ್ನು ನೆಲವಿಲ್ಲದವರು ಕೇಳದೆಯೇ ಆಯ್ದುಕೊಂಡು ಅನ್ನ ಬೇಯಿಸಿಕೊಳ್ಳುತ್ತಿದ್ದರು. ಮಾಲಿಕನು ಇವನ್ನು ಮಾರತೊಡಗಿದ ದಿನವೇ ಆ ಮನೆಗಳ ಒಲೆ ಆರುವುದು. ಅಲ್ಲವಾದರೆ ರಾತ್ರಿ ಕಾಲದಲ್ಲಿ ತೋಪಿನ ಮರಕ್ಕೆ ಕೊಡಲಿ ಬೀಳುವುದು. ಆದುದರಿಂದ ಯಂತ್ರಕ್ಕೆ ಒಪ್ಪಿಗೆ ಕೊಡುವ ಸಭೆಯಲ್ಲಿಯೇ, ಯಾವ ನೆಲದ ಪುಳ್ಳೆಯು ಯಂತ್ರಕ್ಕೆ, ಯಾವುದು ಆಯುವವರಿಗೆ ಎಂಬುದನ್ನು ಗೊತ್ತುಮಾಡಿ ಬರೆದಿಡತಕ್ಕದ್ದು. ರಾಗಿ ಹುಲ್ಲನ್ನಂತೂ ಯಾವ ಬೆಲೆಗೂ ಯಂತ್ರಕ್ಕೆ ಹಾಕಕೂಡದು. ಅದು ದನದ ಪಾಲು.

ಬದುವಿನ ಹೊಂಗೆಯ ವಿಚಾರವಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಏರ್ಪಡಿಸಿ ಪ್ರಯೋಗಗಳನ್ನು ನಡೆಸಿದೆ. ಬೀಜದ ಎಣ್ಣೆಯು ಎಂಜಿನಿಗಾದರೆ, ಹಿಂಡಿಯು ಗದ್ದೆಗೆ, ಸೊಪ್ಪು ಹಸುರುಗೊಬ್ಬರಕ್ಕೆ. ಗಿಡ ಹಾಕಲು ಬಯಸುವವರು ಮುಂಗಾರು ಹಿಡಿಯುವುದರೊಳಗೆ ಬದುಗಳಲ್ಲಿ ಗುಂಡಿಗಳನ್ನು ತೋಡಿಸಿಟ್ಟುಕೊಳ್ಳಬೇಕು. ಎಳೆಯ ಸಸಿಗಳಿಗೆ ಮೊದಲ ಎರಡು ವರ್ಷ ಬೇಲಿಯ ಕಾವಲು ಅವಶ್ಯ.