ಯಂತ್ರಗಳಿಗೆ ವಿಳಾಸ ದೊರೆಯುವ ಬಗೆ

ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಈಚೆಗೆ ನಮ್ಮನ್ನು ಕಂಡಾಗ ಅಭ್ಯಾಸದ ಮಾತಿನ ಸಂಗಡ ಇನ್ನೊಂದು ಮಾತನ್ನೂ ಎತ್ತುತ್ತಾರೆ: "ಅಕ್ಕಾವರೇ, ಮನೆಯಲ್ಲಿ ವೈಫೈ ಉಂಟು, ಮೊಬೈಲಿಗೆ ಮಾತ್ರ ಏನೂ ಬಾರದು." ಇದರ ಕಾರಣವು ಎಷ್ಟೋ ಸಲ ವಿಳಾಸದಲ್ಲಿರುವದು. ನಾವೂ ಇದನ್ನು ಪೆಟ್ಟು ತಿಂದೇ ಕಲಿತೆವು.

ಕೆಲವು ವರ್ಷಗಳ ಹಿಂದೆ ಶಾಲೆಯ ಕಂಪ್ಯೂಟರುಗಳ ವಿಳಾಸಗಳನ್ನು ನಾವೇ ಒಂದು ವಹಿಯಲ್ಲಿ ಬರೆದಿಟ್ಟು, ಒಂದೊಂದಕ್ಕೂ ಕೈಯಿಂದ ಕೊಡುತ್ತಿದ್ದೆವು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಡೆಯ ದಿನ ಎರಡು ಯಂತ್ರಗಳ ಸಂಪರ್ಕವು ಪದೇಪದೇ ಕಡಿಯತೊಡಗಿತು. ಒಂದರ ಮುಂದೆ ಬ್ಯಾಡಗಿಯ ಹುಡುಗಿಯೊಬ್ಬಳು ಕುಳಿತಿದ್ದಳು. ತಂದೆಯು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವವರು. ಆ ಹಣವಿಲ್ಲದೆ ಅವಳ ಓದು ಮುಂದೆ ಸಾಗುವಂತಿರಲಿಲ್ಲ. ಸಂಜೆಯ ಬಸ್ಸಿನ ಹೊತ್ತೂ ಮೀರಿತು. ಕಡೆಗೆ ವಹಿಯನ್ನು ತೆಗೆದು ನೋಡಲಾಗಿ, 14 ಎಂಬ ಅಂಕೆಯನ್ನು ನಾವು ಎರಡು ಯಂತ್ರಗಳಿಗೂ ಬರೆದಿದ್ದೆವು! ಒಂದನ್ನು ನಿಲ್ಲಿಸಿದ ಕೂಡಲೇ ಇನ್ನೊಂದು ನೆಟ್ಟಗೆ ನಡೆದು, ಅರ್ಜಿಯು ಹೋಯಿತು. ಹುಡುಗಿಯು ಆ ರಾತ್ರಿ ಬೋರ್ಡಿಂಗಿನಲ್ಲಿಯೇ ಉಳಿದಳು.

ಈ ವಿಳಾಸವೆಂದರೇನು? ಅಂಚೆಯ ಪಿನ್‌ಕೋಡನ್ನು ನೋಡಿರಿ. ಹಾವೇರಿಗೆ 581110, ರಾಣೆಬೆನ್ನೂರಿಗೆ 581115, ಬ್ಯಾಡಗಿಗೆ 581106. ಮೊದಲಿನ ನಾಲ್ಕು ಅಂಕೆಗಳು ಮೂರಕ್ಕೂ ಒಂದೇ. ಕಡೆಯವು ಊರನ್ನು ಬೇರ್ಪಡಿಸುತ್ತವೆ. ಅದರಂತೆ ಒಂದು ಮನೆಯ ಯಂತ್ರಗಳ ವಿಳಾಸವೆಲ್ಲ, ಉದಾಹರಣೆಗೆ, 192.168.1 ಎಂದು ಆರಂಭವಾಗಿ, ಕೊನೆಯ ಅಂಕೆ ಮಾತ್ರ 1ರಿಂದ 254ರ ವರೆಗೆ ಬೇರೆ ಬೇರೆಯಾಗಿರುವದು. ನೆರೆಮನೆಯಲ್ಲಿಯೂ ಇವೇ ಅಂಕೆಗಳಿದ್ದರೆ ಬಾಧೆಯಿಲ್ಲ. ಯಾಕಂದರೆ ಇವು ಮನೆಯೊಳಗಿನ ಬಳಕೆಗೆ ಮಾತ್ರ.

ಅಂಕೆ ಹಂಚುವ ಕೆಲಸವನ್ನು ರೌಟರಿಗೇ ಒಪ್ಪಿಸುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಅದರ ನಿಯಮಗಳು 1993ರಲ್ಲಿ ಪ್ರಕಟವಾಗಿ, 1997ರಲ್ಲಿ ಪರಿಷ್ಕಾರ ಹೊಂದಿದವು. ಧಾರವಾಡದಿಂದ ಬೇರೆಯಾಗಿ ನಮ್ಮ ಹಾವೇರಿ ಜಿಲ್ಲೆ ಆದದ್ದೂ ಅದೇ ವರ್ಷವೇ. ಇದು ನಡೆಯುವ ಬಗೆಯು ಬೋರ್ಡಿಂಗಿನ ಮೇಟ್ರನ್ನರು ಮಂಚ ಕೊಡುವ ಹಾಗೆ. ಹೊಸದಾಗಿ ಬಂದ ಮೊಬೈಲು, "ಇಲ್ಲಿ ಸ್ಥಳ ಕೊಡುವವರು ಯಾರು?" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗುವದು. "23ನೆಯದು ತೆರವಾಗಿದೆ" ಎಂದು ರೌಟರು ಹೇಳುವದು. "ಅದನ್ನೇ ಕೊಡಿರಿ" ಎಂದು ಮೊಬೈಲು ಬೇಡಲು, ರೌಟರು ಒಪ್ಪಿ ಪಟ್ಟಿಯಲ್ಲಿ ಬರೆದುಕೊಳ್ಳುವದು. ಆದರೆ ಕೊಟ್ಟದ್ದು ದಾನವಲ್ಲ. ಇಂತಿಷ್ಟು ಅವಧಿಯ ಕರಾರು. ಅರ್ಧ ಅವಧಿ ಕಳೆದಾಗ ಮೊಬೈಲು ಮತ್ತೆ ಕೇಳಿಕೊಂಡು ಅದನ್ನು ಮುಂದುವರಿಸಿಕೊಳ್ಳುವದು. ಮರಳಿ ಕೇಳದಿದ್ದರೆ, ಅವಧಿ ತೀರಿದ ಮೇಲೆ ಆ ಅಂಕೆಯನ್ನು ಇನ್ನೊಂದಕ್ಕೆ ಕೊಡಬಹುದು.

ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸುವ ಪಾಲಕರೊಬ್ಬರ ತೊಂದರೆಯು ಇಲ್ಲಿಯೇ ಇತ್ತು. ಅವರ ರೌಟರಿನಲ್ಲಿ ಹಂಚಲು 50 ಅಂಕೆಗಳು, ಅವಧಿ 24 ತಾಸು. ರೊಟ್ಟಿ ಉಂಡವರು ಅರ್ಧ ತಾಸಿನಲ್ಲಿ ಎದ್ದುಹೋದರೂ ಅಂಕೆಯು ಮರುದಿನದ ವರೆಗೆ ಅವರ ಹೆಸರಿನಲ್ಲಿಯೇ! ಮಧ್ಯಾಹ್ನದೊಳಗೆ ಪಟ್ಟಿಯು ತೀರಿ, ಅವರ ಮಗಳ ಪಾಠಕ್ಕೇ ಸ್ಥಳವಿಲ್ಲದಂತಾಗುತ್ತಿತ್ತು. ಅವಧಿಯನ್ನು ಒಂದು ತಾಸಿಗೆ ಇಳಿಸಿದ ಮೇಲೆ ಸರಿಹೋಯಿತು.

ನಿಮ್ಮ ಕಂಪ್ಯೂಟರಿನಲ್ಲಿ 169.254 ಎಂದು ಆರಂಭವಾಗುವ ವಿಳಾಸ ಕಂಡರೆ, ಅದಕ್ಕೆ ಯಾರೂ ಸ್ಥಳ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಹಿತ್ತಿಲ ಕೋಣೆಗೆಂದು ಎರಡನೆಯ ರೌಟರನ್ನು ತಂದು ಅದೇ ಜಾಲಕ್ಕೆ ಸೇರಿಸುವವರು ಅದರಲ್ಲಿ ಡಿಎಚ್‌ಸಿಪಿಯನ್ನು ನಿಲ್ಲಿಸಿರಿ. ಇಬ್ಬರು ಮೇಟ್ರನ್ನರು ಒಬ್ಬರನ್ನೊಬ್ಬರು ಕೇಳದೆ ಮಂಚ ಹಂಚಿದರೆ ನಮ್ಮ ವಹಿಯ ಕಥೆಯೇ ಆಗುವದು. ಪ್ರಿಂಟರಿನಂಥ ಯಂತ್ರಕ್ಕೆ ಯಾವಾಗಲೂ ಒಂದೇ ಅಂಕೆ ಬೇಕಾದರೆ, ಅದರ ಮ್ಯಾಕ್ ಗುರುತನ್ನು ರೌಟರಿನಲ್ಲಿ ಬರೆದು ಕಾದಿರಿಸಬಹುದು. ನಮ್ಮಲ್ಲಿ ಈಗ ಪ್ರಿಂಟರೊಂದಕ್ಕೆ ಮಾತ್ರ ಹಾಗೆ ಮಾಡಿದ್ದೇವೆ. ಮಿಕ್ಕವುಗಳ ಲೆಕ್ಕವನ್ನು ರೌಟರೇ ನೋಡಿಕೊಳ್ಳುವದು.