ಗುದ್ದಿನ ಆಚೆಗಿನ ಗೆಳೆತನ

ಮುಷ್ಟಿಯುದ್ಧವೆಂದರೆ ಮುಖ ಮೂತಿ ನೋಡದೆ ಗುದ್ದುವ ಆಟವೆಂದೇ ನಮ್ಮಲ್ಲಿ ಹಲವರ ಎಣಿಕೆ. 99 ವರ್ಷ ಬಾಳಿ 2005ರಲ್ಲಿ ಗತಿಸಿದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನ ಕಥೆ ಕೇಳಿದವರು ಹಾಗೆನ್ನಲಾರರು.

1936ರಲ್ಲಿ ನ್ಯೂಯಾರ್ಕಿನಲ್ಲಿ ಆತ ಅಮೆರಿಕದ ನೀಗ್ರೋ ವೀರ ಜೋ ಲೂಯಿಸನನ್ನು 12ನೆಯ ಸುತ್ತಿನಲ್ಲಿ ಕೆಡವಿದಾಗ, ಹಿಟ್ಲರನ ಸರಕಾರ ಅದನ್ನು ತನ್ನ ಜನಾಂಗದ ಗೆಲುವೆಂದು ಡಂಗುರ ಸಾರಿತು. 1938ರ ಜೂನಿನಲ್ಲಿ ಲೂಯಿಸ್ ಲೆಕ್ಕ ತೀರಿಸಿದ. 124 ಸೆಕೆಂಡು ಸಾಕಾಯಿತು. ಶ್ಮೆಲಿಂಗ್ ಆಸ್ಪತ್ರೆ ಸೇರಿದ.

ನಾವು ಮೆಚ್ಚುವುದು ಅಖಾಡದ ಹೊರಗಿನ ಶ್ಮೆಲಿಂಗನನ್ನು. ಯೆಹೂದಿಯಾದ ಮ್ಯಾನೇಜರ್ ಜೋ ಜೇಕಬ್ಸನನ್ನು ಬಿಡೆಂದು ನಾಜಿಗಳು ಒತ್ತಾಯಿಸಿದರೂ ಆತ ಬಿಡಲಿಲ್ಲ. ಅದೇ 1938ರ ನವೆಂಬರಿನಲ್ಲಿ ಬರ್ಲಿನಿನಲ್ಲಿ ಯೆಹೂದಿಗಳ ಅಂಗಡಿಗಳನ್ನು ಒಡೆದು ಮಂದಿರಗಳಿಗೆ ಬೆಂಕಿಯಿಟ್ಟಾಗ, ಯೆಹೂದಿ ಸ್ನೇಹಿತನೊಬ್ಬನ ಇಬ್ಬರು ಮಕ್ಕಳನ್ನು ತನ್ನ ಹೋಟೆಲ್ ಕೋಣೆಯಲ್ಲಿ ಅಡಗಿಸಿಟ್ಟ. ಸಿಕ್ಕಿಬಿದ್ದಿದ್ದರೆ ಗತಿಯೇನು? ಆದರೂ ಈ ಸಂಗತಿಯನ್ನು ಆತ ಡಂಗುರ ಹೊಡೆಯಲಿಲ್ಲ. ಆ ಹುಡುಗರಲ್ಲೊಬ್ಬನಾದ ಹೆನ್ರಿ ಲೆವಿನ್ 1989ರಲ್ಲಿ ಬಾಯಿಬಿಟ್ಟಾಗಲೇ ಲೋಕಕ್ಕೆ ತಿಳಿದದ್ದು.

ಯುದ್ಧಾನಂತರ ಕೋಕಾಕೋಲಾ ವ್ಯಾಪಾರದಲ್ಲಿ ಶ್ಮೆಲಿಂಗನಿಗೆ ಕೈತುಂಬ ಹಣ. ಲೂಯಿಸನಿಗೋ ಆದಾಯ ತೆರಿಗೆಯ ಬಾಕಿ ಕುತ್ತಿಗೆಗೆ ಬಂದಿತ್ತು. 1954ರಲ್ಲಿ ಹಳೆಯ ಎದುರಾಳಿಯನ್ನು ಹುಡುಕಿಕೊಂಡು ಶ್ಮೆಲಿಂಗ್ ಅಮೆರಿಕಕ್ಕೆ ಹೋದ; ಗೆಳೆತನ ಬೆಳೆಯಿತು, ಹಣದ ನೆರವೂ ಸಂದಿತು. 1981ರಲ್ಲಿ ಲೂಯಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚದಲ್ಲೂ ಶ್ಮೆಲಿಂಗನ ಪಾಲಿತ್ತು.